ಕಾರ್ಟೂನಿನ ಖಳನೂ ಅವನ ದುಃಖವೂ

(ಬಾನುಲಿ ಭಾಷಣ)

ಮಕ್ಕಳಿಗೆಂದು ಹೇಳುವ ಕಥೆಗಳಲ್ಲಿ ರಾಕ್ಷಸನು ರಾಕ್ಷಸನಾಗಿಯೇ ಹುಟ್ಟಿರುತ್ತಾನೆ. ಏಳು ಸಮುದ್ರದಾಚೆ, ಒಂದು ಗಿಳಿಯಲ್ಲಿ ಅವನ ಪ್ರಾಣವಿರುತ್ತದೆ. ರಾಜಕುಮಾರನು ಅಲ್ಲಿಗೆ ಹೋಗಿ ಆ ಗಿಳಿಯ ಕತ್ತು ಮುರಿದನೆಂದರೆ ಕಥೆ ಮುಗಿಯಿತು. ಆ ರಾಕ್ಷಸನಿಗೆ ತಾಯಿಯಿದ್ದಳೆ, ಅವನು ಯಾರನ್ನಾದರೂ ಕಳೆದುಕೊಂಡು ಅತ್ತಿದ್ದನೆ ಎಂದು ನಾವಾರೂ ಕೇಳಿದವರಲ್ಲ. ಕೇಳಿದ್ದರೆ ಕಥೆ ಹೇಳುವ ಅಜ್ಜಿಗೆ ಕೋಪ ಬರುತ್ತಿತ್ತು. ನಮಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅಮೆರಿಕದ ಟೆಲಿವಿಷನ್ನಿನಲ್ಲಿ ಬಹುಕಾಲ ನಡೆದುಬಂದ ಸಾಹಸವೀರರ ಕಾರ್ಟೂನುಗಳೂ ಇದೇ ಜಾತಿಯವು. ಒಬ್ಬನು ಲೋಕವನ್ನು ನಾಶಮಾಡಹೊರಡುತ್ತಾನೆ, ಮತ್ತೊಬ್ಬನು ಬಂದು ತಡೆಯುತ್ತಾನೆ. ಮೊದಲಿನವನಿಗೆ ಲೋಕದ ಮೇಲೆ ಅಷ್ಟೊಂದು ಮುನಿಸು ಏಕೆಂಬುದು ಕಥೆಗೆ ಬೇಕಾಗಿರಲಿಲ್ಲ. 1992ರ ಸೆಪ್ಟೆಂಬರಿನಲ್ಲಿ ಅಲ್ಲಿನ ಫಾಕ್ಸ್ ಜಾಲದಲ್ಲಿ ಆರಂಭವಾದ ‘ಬ್ಯಾಟ್‌ಮನ್: ದಿ ಆನಿಮೇಟೆಡ್ ಸೀರೀಸ್’ ಎಂಬ ಮಾಲೆ ಈ ಪದ್ಧತಿಯನ್ನು ಮುರಿಯಿತು. ಅದೂ ಎಷ್ಟು ಬೇಗ ಎಂದರೆ, ಪ್ರಸಾರ ಆರಂಭವಾದ ಮೂರನೆಯ ದಿನವೇ. ಅದರ ಮೊದಲ ಕೆಲವು ವಾರಗಳ ಕಂತುಗಳಲ್ಲಿ ಪಾತ್ರಗಳನ್ನು ಬೆಳೆಸಿದ ರೀತಿಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಈ ವಯಸ್ಸಿನಲ್ಲಿ ನನಗೇಕೆ ಈ ವಿಷಯ ಎಂದು ತಾವು ಕೇಳಬಹುದು. ನನ್ನ ಒಂಬತ್ತು ವರ್ಷದ ಮೊಮ್ಮಗಳು ಬೇಸಿಗೆ ರಜೆಗೆ ಬಂದಿದ್ದಾಗ ದಿನಕ್ಕೊಂದು ಕಂತಿನಂತೆ ಈ ಮಾಲೆಯನ್ನು ನನ್ನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ನಾನು ಮೊದಮೊದಲು ಪತ್ರಿಕೆಯ ಮರೆಯಿಂದ ನೋಡಿದೆ. ನಾಲ್ಕನೆಯ ದಿನ ಪತ್ರಿಕೆಯನ್ನು ಮಡಿಸಿಟ್ಟೆ. ಅವಳು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಬ್ಯಾಟ್‌ಮನ್ ಎಂಬ ಪಾತ್ರ ಈ ಮಾಲೆಯೊಂದಿಗೆ ಹುಟ್ಟಿದುದಲ್ಲ. 1939ರಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬಿಬ್ಬರು ಚಿತ್ರಕಥೆಯ ಪತ್ರಿಕೆಗಾಗಿ ಅವನನ್ನು ಕಲ್ಪಿಸಿದರು. ಬ್ರೂಸ್ ವೇಯ್ನ್ ಎಂಬ ಶ್ರೀಮಂತರ ಮನೆಯ ಹುಡುಗ. ಅವನ ಕಣ್ಣೆದುರಿಗೇ ತಂದೆತಾಯಿಗಳು ಬೀದಿಯ ದರೋಡೆಕೋರನೊಬ್ಬನ ಗುಂಡಿಗೆ ಬಲಿಯಾಗುತ್ತಾರೆ. ಬೆಳೆದು ದೊಡ್ಡವನಾದ ಮೇಲೆ ಅವನು ಬಾವಲಿಯ ವೇಷ ಧರಿಸಿ, ಗಾತಮ್ ಎಂಬ ನಗರದ ಇರುಳಿನಲ್ಲಿ ಅಪರಾಧಿಗಳನ್ನು ಬೇಟೆಯಾಡುತ್ತಾನೆ. ಅವನಿಗೆ ಹಾರಲು ಬಾರದು, ಗುಂಡು ತಾಗಿದರೆ ಗಾಯವಾಗುತ್ತದೆ. ಸಾಹಸವೀರರ ಪಂಕ್ತಿಯಲ್ಲಿ ಯಾವ ದಿವ್ಯಶಕ್ತಿಯೂ ಇಲ್ಲದೆ ಕುಳಿತಿರುವವನು ಇವನು. ಇವನಲ್ಲಿರುವುದು ಹಣ, ಹಟ ಮತ್ತು ಒಂದು ಹಳೆಯ ಶೋಕ. 1966ರಿಂದ 1968ರವರೆಗೆ ಆಡಮ್ ವೆಸ್ಟ್ ಎಂಬ ನಟ ಅಭಿನಯಿಸಿದ ಟೆಲಿವಿಷನ್ ಮಾಲೆಯಲ್ಲಿ ಈ ಶೋಕವನ್ನು ಬದಿಗಿಟ್ಟು ಅವನನ್ನು ಬಣ್ಣಬಣ್ಣದ ವಿನೋದದ ಪಾತ್ರವಾಗಿ ಮಾಡಲಾಗಿತ್ತು. ಅದೂ ಒಂದು ಸೊಗಸೇ. ಆದರೆ 1992ರಲ್ಲಿ ಬ್ರೂಸ್ ಟಿಮ್ ಮತ್ತು ಎರಿಕ್ ರಡೊಮ್ಸ್ಕಿ ಎಂಬ ಚಿತ್ರಕಾರರು ಈ ಮಾಲೆಯನ್ನು ರೂಪಿಸಿದಾಗ ಶೋಕವನ್ನು ಮತ್ತೆ ನಡುಮನೆಗೆ ತಂದರು. ಸಾಮಾನ್ಯವಾಗಿ ಕಾರ್ಟೂನಿನ ಹಿನ್ನೆಲೆಯನ್ನು ಬಿಳಿಯ ಕಾಗದದ ಮೇಲೆ ಬರೆಯುತ್ತಾರೆ. ರಡೊಮ್ಸ್ಕಿ ಕಪ್ಪು ಕಾಗದದ ಮೇಲೆ ಬರೆಯಿಸಿದರು. ಬೆಳಕನ್ನು ಮಾತ್ರ ಬಣ್ಣದಿಂದ ತರಬೇಕು, ಕತ್ತಲು ತಾನಾಗಿಯೇ ಇರುತ್ತದೆ. ಆ ನಗರದ ಗುಣವೆಲ್ಲ ಈ ಒಂದು ಉಪಾಯದಿಂದಲೇ ಬಂದಿತೆಂದು ತೋರುತ್ತದೆ.

ಇಲ್ಲಿ ಕಥೆಗಾರರಿಗೆ ಒಂದು ಇಕ್ಕಟ್ಟಿತ್ತು. ಕಾದಂಬರಿಯ ನಾಯಕನು ಮೊದಲ ಪುಟದಲ್ಲಿ ಇದ್ದಂತೆ ಕೊನೆಯ ಪುಟದಲ್ಲಿರಬೇಕಾಗಿಲ್ಲ. ಇರಬಾರದೆಂದೇ ವಿಮರ್ಶಕರು ಹೇಳುತ್ತಾರೆ. ಮಕ್ಕಳ ಟೆಲಿವಿಷನ್ ಮಾಲೆಯ ನಾಯಕನಿಗೆ ಈ ಸ್ವಾತಂತ್ರ್ಯವಿಲ್ಲ. ಸಂಜೆ ಶಾಲೆಯಿಂದ ಬಂದ ಮಗು ಯಾವ ಕಂತನ್ನು ಮೊದಲು ನೋಡುವುದೋ ಯಾವುದನ್ನು ಬಿಡುವುದೋ ಯಾರಿಗೆ ಗೊತ್ತು? ತಯಾರಾದ ಕ್ರಮ ಒಂದು, ಪ್ರಸಾರವಾದ ಕ್ರಮ ಇನ್ನೊಂದು. ಬಾವಲಿ ಮನುಷ್ಯನನ್ನು ಕುರಿತ ‘ಆನ್ ಲೆದರ್ ವಿಂಗ್ಸ್’ ಮೊದಲು ತಯಾರಾದ ಕಂತು. ಆದರೆ ಅದಕ್ಕಿಂತ ಎಷ್ಟೋ ಆಮೇಲೆ ತಯಾರಾದ ಬೆಕ್ಕುಹೆಣ್ಣಿನ ಕಥೆಯೊಂದು ಅದಕ್ಕೂ ಒಂದು ದಿನ ಮುಂಚೆ ಪ್ರಸಾರವಾಯಿತು. ಆದುದರಿಂದ ಪ್ರತಿಯೊಂದು ಕಂತಿನ ಕೊನೆಯಲ್ಲಿ ನಾಯಕನು ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಇಪ್ಪತ್ತೆರಡು ನಿಮಿಷಗಳಲ್ಲಿ ಅವನು ಏನನ್ನು ಕಲಿತರೂ ನಾಳೆಯ ಹೊತ್ತಿಗೆ ಮರೆತಿರಬೇಕು. ಇಂಥ ಪಾತ್ರವನ್ನು ಬೆಳೆಸುವುದು ಹೇಗೆ?

ಈ ಮಾಲೆಯ ಬರೆಹಗಾರರು ಕಂಡುಕೊಂಡ ದಾರಿ ಇದು. ಬೆಳವಣಿಗೆಯ ಭಾರವನ್ನು ಅವರು ಖಳನ ಹೆಗಲಿಗೆ ದಾಟಿಸಿದರು. ಖಳನು ಬದಲಾಗಬಹುದು, ಒಳ್ಳೆಯವನಾಗಿದ್ದವನು ಕೆಡಬಹುದು, ನಗುತ್ತಿದ್ದವನು ಕಲ್ಲಾಗಬಹುದು. ನಾಯಕನು ಅದನ್ನು ನೋಡುತ್ತ ನಿಲ್ಲುತ್ತಾನೆ. ನೋಡುವಾಗ ಅವನ ಮುಖದಲ್ಲಿ ಏನು ಕಾಣುತ್ತದೆಯೋ ಅದೇ ಅವನ ಪಾತ್ರ.

1992ರ ಸೆಪ್ಟೆಂಬರ್ 7ರಂದು ಪ್ರಸಾರವಾದ ‘ಹಾರ್ಟ್ ಆಫ್ ಐಸ್’ ಎಂಬ ಕಂತನ್ನು ನೋಡಿ. ಬರೆದವರು ಪಾಲ್ ಡಿನಿ, ನಿರ್ದೇಶಿಸಿದವರು ಬ್ರೂಸ್ ಟಿಮ್. ಇದರ ಖಳ ಮಿಸ್ಟರ್ ಫ್ರೀಜ್. ಈ ಪಾತ್ರ 1959ರಲ್ಲಿ ಚಿತ್ರಕಥೆಯ ಪತ್ರಿಕೆಯಲ್ಲಿ ಬೇರೊಂದು ಹೆಸರಿನಿಂದ ಕಾಣಿಸಿಕೊಂಡಿತ್ತು; ಆಡಮ್ ವೆಸ್ಟರ ಮಾಲೆಯಲ್ಲಿ ಮೂವರು ಬೇರೆ ಬೇರೆ ನಟರು ಸರದಿಯಂತೆ ಈ ವೇಷ ಹಾಕಿದ್ದರು. ಅಲ್ಲೆಲ್ಲ ಅವನೊಬ್ಬ ಹಿಮದ ಕೋವಿ ಹಿಡಿದ ಕಳ್ಳ, ಅಷ್ಟೇ. ಮೂರು ಮಂದಿ ನಟರು ಬದಲಾದರೂ ಯಾರಿಗೂ ವ್ಯತ್ಯಾಸ ಕಾಣದಿದ್ದುದಕ್ಕೆ ಆ ಪಾತ್ರದಲ್ಲಿ ಯಾರೂ ವಾಸವಾಗಿಲ್ಲದಿದ್ದುದೇ ಕಾರಣ.

ಡಿನಿ ಅದರಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿದರು. ಕಂತು ತೆರೆಯುವಾಗ ಒಂದು ಗಾಜಿನ ಗೋಲ ಕಾಣುತ್ತದೆ. ಅದರೊಳಗೆ ನರ್ತಿಸುವ ಪುಟ್ಟ ಹೆಣ್ಣು, ಸುತ್ತ ಉದುರುವ ಹಿಮ. ಆ ಗೊಂಬೆಯೊಂದಿಗೆ ಒಂದು ದನಿ ಮಾತನಾಡುತ್ತದೆ. ದನಿಯಲ್ಲಿ ಏರಿಲ್ಲ, ಇಳಿತವಿಲ್ಲ, ಯಂತ್ರ ಮಾತನಾಡಿದಂತಿದೆ. ಆದರೆ ಆಡುವ ಮಾತು ಪ್ರಿಯೆಗೆ ವಿದಾಯ ಹೇಳುವ ಮಾತು. ಈ ದನಿ ಮೈಕೆಲ್ ಅನ್ಸಾರಾ ಎಂಬ, ಸಿರಿಯಾದಲ್ಲಿ ಹುಟ್ಟಿದ ಹಿರಿಯ ನಟರದು. ಅಳಬೇಕಾದವನು ಅಳದೆ ಹೋದಾಗ ಕೇಳುವವನ ಗಂಟಲು ಕಟ್ಟುವುದನ್ನು ಬಾನುಲಿ ನಾಟಕ ಕೇಳಿ ಬೆಳೆದವರಿಗೆ ನಾನು ವಿವರಿಸಬೇಕಾಗಿಲ್ಲ.

ಆಮೇಲೆ ಕಥೆ. ಫ್ರೀಜ್ ತನ್ನ ಬಂಟರೊಂದಿಗೆ ಗಾತ್‌ಕಾರ್ಪ್ ಎಂಬ ಕಂಪನಿಯ ಯಂತ್ರಭಾಗಗಳನ್ನು ಕದಿಯುತ್ತಿದ್ದಾನೆ. ಬ್ಯಾಟ್‌ಮನ್ ಅಡ್ಡಬರುತ್ತಾನೆ. ಹೋರಾಟದಲ್ಲಿ ಫ್ರೀಜನ ಕೋವಿಯ ಏಟು ತಪ್ಪಿ ಅವನ ಬಂಟನೊಬ್ಬನ ಕಾಲುಗಳೇ ಹೆಪ್ಪುಗಟ್ಟುತ್ತವೆ. ಫ್ರೀಜ್ ಅವನನ್ನು ಅಲ್ಲಿಯೇ ಬಿಟ್ಟು ನಡೆಯುತ್ತಾನೆ. ಬಿಟ್ಟುಹೋದವನನ್ನು ಎತ್ತಿಕೊಂಡು ಹೋಗಿ ತನ್ನ ಗುಹೆಯಲ್ಲಿ ಉಪಚಾರ ಮಾಡುವವನು ಬ್ಯಾಟ್‌ಮನ್. ಆ ಚಳಿಯಲ್ಲಿ ಅವನಿಗೇ ನೆಗಡಿ ಹಿಡಿದಿದೆ. ಸಾಹಸವೀರನು ಸೀನುತ್ತಾನೆ. ಮನೆಯ ಹಳೆಯ ಸೇವಕ ಆಲ್ಫ್ರೆಡ್ ಅವನು ಹೊರಡುವಾಗ ಬಿಸಿಬಿಸಿ ಕೋಳಿಯ ಸೂಪನ್ನು ಫ್ಲಾಸ್ಕಿಗೆ ತುಂಬಿ ಕೈಗಿಡುತ್ತಾನೆ. ಮಕ್ಕಳು ಇಲ್ಲಿ ನಗುತ್ತಾರೆ. ನಾನೂ ನಕ್ಕೆ.

ಬ್ರೂಸ್ ವೇಯ್ನನಾಗಿ ಅವನು ಕಂಪನಿಯ ಮುಖ್ಯಸ್ಥ ಫೆರಿಸ್ ಬಾಯ್ಲನನ್ನು ಕಾಣಲು ಹೋಗುತ್ತಾನೆ. ಶೀತಕ್ಕೆ ಫ್ರೀಜ್, ಕುದಿಯುವುದಕ್ಕೆ ಬಾಯ್ಲ್. ಹೆಸರಿನಲ್ಲಿಯೂ ಬರೆಹಗಾರರ ತುಂಟತನವಿದೆ. ಬಾಯ್ಲನಿಗೆ ಆ ವರ್ಷದ ಮಾನವಹಿತೈಷಿಯೆಂಬ ಪ್ರಶಸ್ತಿ ಬಂದಿದೆ. ಹಳೆಯ ವಿಜ್ಞಾನಿಯೊಬ್ಬನ ವಿಷಯ ಕೇಳಿದರೆ, ಪ್ರಯೋಗಾಲಯದಲ್ಲಿ ಅಪಘಾತವಾಯಿತೆಂದು ಹೇಳಿ ಮುಗಿಸುತ್ತಾನೆ. ಬ್ಯಾಟ್‌ಮನ್ ರಾತ್ರಿ ಕಂಪನಿಯ ದಾಖಲೆಕೋಣೆಗೆ ನುಗ್ಗಿ ಒಂದು ವಿಡಿಯೊ ಟೇಪನ್ನು ಹುಡುಕುತ್ತಾನೆ. ವಿಜ್ಞಾನಿ ವಿಕ್ಟರ್ ಫ್ರೀಸ್ ತನ್ನ ಪ್ರಯೋಗದ ದಾಖಲೆಗೆಂದು ತಾನೇ ತೆಗೆದಿಟ್ಟದ್ದು ಅದು. ಅವನ ಹೆಂಡತಿ ನೋರಾಳಿಗೆ ಮದ್ದಿಲ್ಲದ ರೋಗ. ಮದ್ದು ಸಿಕ್ಕುವ ಕಾಲದವರೆಗೆ ಅವಳನ್ನು ಶೀತದಲ್ಲಿ ಕಾಪಾಡಿಡುವುದೇ ಅವನ ಪ್ರಯೋಗ. ಬಾಯ್ಲ್ ಕಾವಲುಗಾರರೊಂದಿಗೆ ಬಂದು ಕಂಪನಿಯ ಹಣ ದಂಡವಾಗುತ್ತಿದೆಯೆಂದು ಯಂತ್ರವನ್ನು ನಿಲ್ಲಿಸಲು ಆಜ್ಞೆ ಮಾಡುತ್ತಾನೆ. ನಿಲ್ಲಿಸಿದರೆ ಅವಳು ಉಳಿಯುವುದಿಲ್ಲ ಎಂದು ಗಂಡ ಬೇಡುತ್ತಾನೆ. ಕಾವಲುಗಾರನ ಕೋವಿ ಕಸಿದುಕೊಳ್ಳುತ್ತಾನೆ. ಬಾಯ್ಲ್ ಮೆತ್ತಗೆ ಸಮಾಧಾನದ ಮಾತನ್ನಾಡುತ್ತಾನೆ; ಫ್ರೀಸ್ ನಂಬಿ ಕೋವಿಯನ್ನು ತಗ್ಗಿಸಿದ ಕ್ಷಣದಲ್ಲಿ ಅವನನ್ನು ರಾಸಾಯನಿಕಗಳ ಮೇಲೆ ಒದ್ದು ಕೆಡಹುತ್ತಾನೆ. ಅಂದಿನಿಂದ ಆ ಮನುಷ್ಯ ಶೀತದ ಕವಚದೊಳಗಲ್ಲದೆ ಬದುಕಲಾರ.

ಟೇಪು ಮುಗಿದಾಗ ಬ್ಯಾಟ್‌ಮನ್ ಮಾಡುವುದೇನು? ದೇವರ ಹೆಸರು ಹಿಡಿದು ಒಂದು ಉದ್ಗಾರ, ಅಷ್ಟೇ. ಮುಷ್ಟಿ ಬಿಗಿಯುವುದಿಲ್ಲ, ಭಾಷಣವಿಲ್ಲ. ಆದರೆ ಆ ಅರ್ಧ ಕ್ಷಣದಲ್ಲಿ ನಮಗೆ ಒಂದು ಸಂಗತಿ ತಿಳಿಯುತ್ತದೆ. ಪ್ರೀತಿಸಿದವರನ್ನು ಕಣ್ಣೆದುರು ಕಳೆದುಕೊಂಡ ಒಬ್ಬನು, ಪ್ರೀತಿಸಿದವರನ್ನು ಕಣ್ಣೆದುರು ಕಳೆದುಕೊಂಡ ಇನ್ನೊಬ್ಬನನ್ನು ನೋಡುತ್ತಿದ್ದಾನೆ. ಇಬ್ಬರೂ ಕವಚ ಧರಿಸಿದವರು. ಇಬ್ಬರೂ ಲೋಕದ ಬೆಚ್ಚನೆಯ ಕಡೆಗೆ ಬೆನ್ನು ತಿರುಗಿಸಿದವರು. ಒಂದೇ ಪ್ರಶ್ನೆಗೆ ಎರಡು ಉತ್ತರಗಳು ಎದುರುಬದುರಾಗಿ ನಿಂತಿವೆ. ಬ್ರೂಸ್ ವೇಯ್ನನ ಬಾಲ್ಯದ ಕಥೆಯನ್ನು ಈ ಕಂತು ಒಂದು ಮಾತಿನಲ್ಲಿಯೂ ಹೇಳುವುದಿಲ್ಲ. ಹೇಳದೆಯೇ ಅವನನ್ನು ನಮಗೆ ತೋರಿಸಿಕೊಡುತ್ತದೆ.

ವ್ಯತ್ಯಾಸವೆಲ್ಲಿದೆ? ಹೆಪ್ಪುಗಟ್ಟಿದ ಕಾಲಿನ ಬಂಟನಲ್ಲಿದೆ. ಫ್ರೀಜನ ದುಃಖ ನಿಜವಾದುದು. ಆದರೆ ಒಬ್ಬಳಿಗಾಗಿ ದುಃಖಿಸಿ ದುಃಖಿಸಿ ಮಿಕ್ಕವರು ಅವನ ಕಣ್ಣಿಗೆ ಕಾಣದೆ ಹೋಗಿದ್ದಾರೆ. ಬ್ಯಾಟ್‌ಮನ್ನನಿಗೆ ಕಾಣುತ್ತಾರೆ, ಆ ಬಂಟನೂ ಕೂಡ. ಇನ್ನು ಕೊನೆಯ ಹೋರಾಟ. ಪ್ರಶಸ್ತಿಯ ಔತಣದ ಸಭೆಗೆ ಫ್ರೀಜ್ ನುಗ್ಗಿ ಬಾಯ್ಲನನ್ನು ಮಂಜಿನಲ್ಲಿ ಹೂಳುತ್ತಿರುವಾಗ ಬ್ಯಾಟ್‌ಮನ್ನನ ಶಸ್ತ್ರಗಳೆಲ್ಲ ವ್ಯರ್ಥವಾಗಿ, ಕೊನೆಗೆ ಕೈಗೆ ಸಿಕ್ಕುವುದು ಆ ಫ್ಲಾಸ್ಕು. ಬಿಸಿಯ ಸೂಪು ತಣ್ಣನೆಯ ಗಾಜಿನ ಶಿರಸ್ತ್ರಾಣದ ಮೇಲೆ ಬಿದ್ದು ಅದು ಒಡೆಯುತ್ತದೆ. ಕುದಿಯುವ ನೀರು ಹೊಯ್ದರೆ ತಣ್ಣನೆಯ ಗಾಜಿನ ಲೋಟ ಬಿರುಕು ಬಿಡುವುದನ್ನು ಅಡಿಗೆಮನೆಯಲ್ಲಿ ಕಂಡ ಮಗುವಿಗೆ ಇಲ್ಲಿ ವಿಜ್ಞಾನದ ಅನುಮಾನ ಬರುವುದಿಲ್ಲ. ನನಗೆ ಮೆಚ್ಚಿಕೆಯಾದದ್ದು ಬೇರೆ. ಇಬ್ಬರು ನೊಂದವರಲ್ಲಿ ಒಬ್ಬನಿಗೆ ಮನೆಯಲ್ಲಿ ಸೂಪು ಕಾಯಿಸಿ ಕೊಡುವ ಒಬ್ಬ ಮುದುಕನಿದ್ದಾನೆ. ಇನ್ನೊಬ್ಬನಿಗೆ ಇರುವುದು ಗಾಜಿನೊಳಗಿನ ಗೊಂಬೆ. ಮೊದಲಾರ್ಧದಲ್ಲಿ ನಗೆಗೆಂದು ಇಟ್ಟ ವಸ್ತು ಕೊನೆಯಲ್ಲಿ ಇಡೀ ಕಥೆಯ ಅರ್ಥವನ್ನು ಹೊರುತ್ತದೆ. ಬರೆಹಗಾರರು ಅದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ.

ಆಮೇಲೆ ಬ್ಯಾಟ್‌ಮನ್ ಆ ಟೇಪನ್ನು ಪತ್ರಕರ್ತೆಯೊಬ್ಬಳ ಕೈಗೆ ಕೊಟ್ಟು ಹೋಗುತ್ತಾನೆ. ಮಂಜಿನಲ್ಲಿ ಸಿಕ್ಕಿದ ಮಾನವಹಿತೈಷಿಯನ್ನು ಹಾಗೆಯೇ ಕರೆದು, ಶುಭರಾತ್ರಿ ಹೇಳಿ ನಡೆಯುತ್ತಾನೆ. ಕೊನೆಯ ದೃಶ್ಯ ಸೆರೆಮನೆಯದು: ಫ್ರೀಜ್ ಗೋಲವನ್ನು ಹಿಡಿದು ಹೆಂಡತಿಯ ಕ್ಷಮೆ ಬೇಡುತ್ತಿದ್ದಾನೆ. ಗೆದ್ದವರ ಜಯಘೋಷ ಎಲ್ಲಿಯೂ ಇಲ್ಲ. ಈ ಕಂತಿನ ಬರೆವಣಿಗೆಗೆ ಅಮೆರಿಕದ ಹಗಲು ಪ್ರಸಾರಗಳ ಎಮ್ಮಿ ಪ್ರಶಸ್ತಿ ಬಂದಿತು. ಅದಕ್ಕಿಂತ ಹೆಚ್ಚಿನ ಪ್ರಶಸ್ತಿಯೆಂದರೆ, ಮೂಲ ಚಿತ್ರಕಥೆಯ ಪತ್ರಿಕೆಗಳೇ ಮುಂದೆ ಈ ಕಾರ್ಟೂನಿನ ನೋರಾಳ ಕಥೆಯನ್ನು ತಮ್ಮದೆಂದು ಒಪ್ಪಿಕೊಂಡವು. 1997ರ ‘ಬ್ಯಾಟ್‌ಮನ್ ಅಂಡ್ ರಾಬಿನ್’ ಚಲನಚಿತ್ರವೂ ಇದನ್ನೇ ಎತ್ತಿಕೊಂಡಿತು. ಆ ಚಲನಚಿತ್ರದ ವಿಷಯ ಹೆಚ್ಚು ಹೇಳದಿರುವುದೇ ಲೇಸು.

ಖಳನ ಎದೆಯಲ್ಲಿ ದುಃಖವನ್ನು ಇಟ್ಟು ನೋಡುವುದು ನಮ್ಮ ಕವಿಗಳಿಗೆ ಹೊಸದಾಗಿರಲಿಲ್ಲ. ರನ್ನನ ದುರ್ಯೋಧನ, ನಾಗಚಂದ್ರನ ರಾವಣ ಇವರನ್ನು ಓದಿದವರಿಗೆ ಅದರ ರುಚಿ ಗೊತ್ತು. ಆದರೆ ಅವು ಪ್ರೌಢರಿಗೆ ಬರೆದ ಕಾವ್ಯಗಳು. ಎಂಟು ಹತ್ತು ವರ್ಷದ ಮಕ್ಕಳು ಕೈಯಲ್ಲಿ ತಿಂಡಿಯ ತಟ್ಟೆ ಹಿಡಿದು ನೋಡುವ ಹೊತ್ತಿನಲ್ಲಿ ಅದನ್ನು ಬಡಿಸುವ ಧೈರ್ಯ ಬೇರೆ ತರಹದ್ದು.

ಮಾಲೆಯ ದನಿಗಳನ್ನು ಕುರಿತು ಬಾನುಲಿಯಲ್ಲಿ ಒಂದು ಮಾತು ಆಡದಿರಲಾರೆ. ಕಾರ್ಟೂನಿನಲ್ಲಿ ಮೊದಲು ದನಿ, ಆಮೇಲೆ ಚಿತ್ರ. ನಟರು ಮಾತನ್ನು ಮುದ್ರಿಸಿದ ನಂತರ ಆ ಮಾತಿಗೆ ತುಟಿಯನ್ನೂ ಕಣ್ಣನ್ನೂ ಬರೆಯುತ್ತಾರೆ. ಎಷ್ಟೋ ಕಡೆ ನಟರು ಒಬ್ಬೊಬ್ಬರಾಗಿ ಬಂದು ತಮ್ಮ ಸಾಲುಗಳನ್ನು ಓದಿಹೋಗುವುದು ವಾಡಿಕೆ. ಈ ಮಾಲೆಯ ಧ್ವನಿನಿರ್ದೇಶಕಿ ಆಂಡ್ರಿಯಾ ರೊಮಾನೊ ನಟರನ್ನು ಒಂದೇ ಕೋಣೆಯಲ್ಲಿ ಕಲೆಹಾಕಿ, ಹಳೆಯ ಬಾನುಲಿ ನಾಟಕದಂತೆ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ ಹಾಗೆ ಮುದ್ರಿಸಿದರು. ನಾಯಕನ ದನಿ ಕೊಟ್ಟ ಕೆವಿನ್ ಕಾನ್ರಾಯ್ ರಂಗಭೂಮಿಯಲ್ಲಿ ಪಳಗಿದವರು, 2022ರಲ್ಲಿ ತೀರಿಕೊಂಡರು. ಅವರು ಒಬ್ಬನಿಗೆ ಎರಡು ದನಿ ಕೊಟ್ಟರು. ಬ್ರೂಸ್ ವೇಯ್ನನದು ಹಗುರವಾದ, ಔತಣಕೂಟದ ದನಿ. ಬ್ಯಾಟ್‌ಮನ್ನನದು ಎದೆಯಾಳದ ದನಿ. ತಮಾಷೆಯೇನೆಂದರೆ, ಅವನು ಮುಖವಾಡ ಕಳಚಿ ಆಲ್ಫ್ರೆಡ್‌ನೊಡನೆ ಒಬ್ಬನೇ ಇರುವಾಗ ಕೇಳಿಬರುವುದು ಎರಡನೆಯ ದನಿಯೇ. ಯಾವುದು ಮುಖ, ಯಾವುದು ಮುಖವಾಡ ಎಂಬುದನ್ನು ಕಣ್ಣು ಮುಚ್ಚಿಕೊಂಡು ಕೇಳಿದರೂ ತಿಳಿಯಬಹುದು.

ಇನ್ನೊಂದು ಬಗೆಯ ಬೆಳವಣಿಗೆಯನ್ನು ಹಾರ್ವಿ ಡೆಂಟನ ಪಾತ್ರದಲ್ಲಿ ಕಾಣುತ್ತೇವೆ. ಚಿತ್ರಕಥೆಯ ಪತ್ರಿಕೆಯನ್ನು ಓದಿದವರಿಗೆಲ್ಲ ಗೊತ್ತಿರುವಂತೆ ಇವನು ಮುಂದೆ ಇಬ್ಬಗೆಯ ಮುಖದ ಖಳನಾಗಬೇಕಾದವನು. ಅವಸರದ ಬರೆಹಗಾರನಾದರೆ ಸುಟ್ಟ ಮುಖದೊಂದಿಗೇ ಅವನನ್ನು ಪರಿಚಯಿಸುತ್ತಿದ್ದ. ಇಲ್ಲಿ ಹಾಗಾಗಲಿಲ್ಲ. ಸೆಪ್ಟೆಂಬರ್ 6ರ ಕಂತಿನಲ್ಲಿ ಹಾರ್ವಿ ಸರ್ಕಾರಿ ವಕೀಲನಾಗಿ, ಕೈಯಲ್ಲಿ ನಾಣ್ಯ ಚಿಮ್ಮುತ್ತ ಸುಮ್ಮನೆ ಬಂದುಹೋಗುತ್ತಾನೆ. 14ರ ಕಂತಿನಲ್ಲಿ ಅವನು ಬ್ರೂಸನ ಹಳೆಯ ಗೆಳೆಯ. ಒಬ್ಬ ಹೆಣ್ಣಿನ ಮೋಹಕ್ಕೆ ಸಿಕ್ಕಿ, ಅವಳು ಕೊಟ್ಟ ಮುತ್ತಿನ ವಿಷದಿಂದ ಸಾಯುವ ಸ್ಥಿತಿಗೆ ಬರುತ್ತಾನೆ. ಬ್ರೂಸ್ ಅವನನ್ನು ಉಳಿಸುತ್ತಾನೆ. ಆ ಹೆಣ್ಣಿಗೂ ಒಂದು ಕಾರಣವಿದೆ ಎಂಬುದನ್ನು ಮರೆಯಬೇಡಿ: ಹಾರ್ವಿ ಉತ್ಸಾಹದಿಂದ ಕಟ್ಟಿಸಿದ ಸೆರೆಮನೆಯ ಜಾಗದಲ್ಲಿ ಹಿಂದೆ ಒಂದು ಅಪೂರ್ವವಾದ ಕಾಡುಗುಲಾಬಿ ಬೆಳೆಯುತ್ತಿತ್ತು. ಇಷ್ಟು ಹೊತ್ತಿಗೆ ನೋಡುವ ಮಗುವಿಗೆ ಹಾರ್ವಿ ಪರಿಚಿತನಾಗಿದ್ದಾನೆ, ಸ್ವಲ್ಪ ಇಷ್ಟವೂ ಆಗಿದ್ದಾನೆ.

ಆಮೇಲೆ 25ನೆಯ ತಾರೀಖು ಶುಕ್ರವಾರ ‘ಟೂ ಫೇಸ್’ ಕಥೆಯ ಮೊದಲ ಭಾಗ ಬಂದಿತು. ಹಾರ್ವಿ ಬಾಲ್ಯದಲ್ಲಿ ತನ್ನನ್ನು ಕಾಡುತ್ತಿದ್ದ ಹುಡುಗನೊಬ್ಬನಿಗೆ ಒಂದು ಏಟು ಹಾಕಿದ್ದ. ಮರುದಿನ ಆ ಹುಡುಗ ಆಸ್ಪತ್ರೆ ಸೇರಿದ. ತನ್ನ ಏಟಿನಿಂದಲೇ ಹಾಗಾಯಿತೆಂದು ತಿಳಿದ ಹಾರ್ವಿ ಅಂದಿನಿಂದ ಸಿಟ್ಟನ್ನೆಲ್ಲ ನುಂಗಿಕೊಂಡು ಬೆಳೆದ. ನಿಜವಾಗಿ ಆ ಹುಡುಗನಿಗೆ ಆಗಿದ್ದುದು ಅಪೆಂಡಿಸೈಟಿಸ್. ಎಂಥ ಸಣ್ಣ ತಪ್ಪು ತಿಳಿವಳಿಕೆ! ನುಂಗಿದ ಸಿಟ್ಟು ಒಳಗೇ ಇನ್ನೊಬ್ಬ ಮನುಷ್ಯನಾಗಿ ಬೆಳೆದು, ಒಬ್ಬ ದುಷ್ಟನ ಬೆದರಿಕೆ, ಒಂದು ಸ್ಫೋಟ ಇವುಗಳಿಂದ ಹೊರಗೆ ಬರುತ್ತದೆ. ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿ ಕನ್ನಡಿ ನೋಡಿಕೊಂಡ ಹಾರ್ವಿ ಕಿರಿಚುತ್ತಾನೆ. ಮದುವೆಯಾಗಬೇಕಾಗಿದ್ದ ಗ್ರೇಸ್ ಎದುರಿಗೆ ಸಿಕ್ಕಿ ಮೂರ್ಛೆ ಹೋಗುತ್ತಾಳೆ. ಅವನು ಕತ್ತಲಲ್ಲಿ ಓಡುತ್ತಾನೆ. ಕಂತು ಅಲ್ಲಿಗೆ ನಿಂತಿತು. ಮುಂದಿನ ಭಾಗ ಸೋಮವಾರ. ಆ ವರ್ಷದ ಆ ಶನಿವಾರ ಭಾನುವಾರಗಳನ್ನು ಅಮೆರಿಕದ ಮಕ್ಕಳು ಹೇಗೆ ಕಳೆದರೋ ನಾನರಿಯೆ. ನನ್ನ ಮೊಮ್ಮಗಳಂತೂ ಮರುದಿನದವರೆಗೆ ಕಾಯಲು ಒಪ್ಪಲಿಲ್ಲ.

ಎರಡನೆಯ ಭಾಗದಲ್ಲಿ ಬ್ರೂಸನಿಗೆ ಒಂದು ಕನಸು ಬೀಳುತ್ತದೆ. ಹಾರ್ವಿಯನ್ನು ಹಿಡಿಯಲು ಕೈಚಾಚಿದರೂ ಎಟುಕುವುದಿಲ್ಲ. ಬೀದಿದೀಪದ ಕೆಳಗೆ ನಿಂತ ತಂದೆತಾಯಿಗಳು ನಮ್ಮನ್ನೇಕೆ ಉಳಿಸಲಿಲ್ಲ ಎಂದು ಕೇಳುತ್ತಾರೆ. ಎಂಟು ವರ್ಷದ ಹುಡುಗನು ಬಂದೂಕಿನ ಮುಂದೆ ಏನು ಮಾಡಬಲ್ಲನಾಗಿದ್ದ? ಏನೂ ಇಲ್ಲ. ಆದರೂ ತಪ್ಪಿತಸ್ಥನೆಂಬ ಭಾವನೆ ನ್ಯಾಯವನ್ನು ಕೇಳಿಕೊಂಡು ಬರುವುದಿಲ್ಲ. ಮಾಡದ ತಪ್ಪಿಗೆ ತನ್ನನ್ನು ಶಿಕ್ಷಿಸಿಕೊಂಡು ಬೆಳೆದ ಇಬ್ಬರು ಗೆಳೆಯರು ಇವರು. ಮತ್ತೆ ಅದೇ ಎದುರುಬದುರು ನಿಲುವು. ಅದಕ್ಕೆ ಹತ್ತು ಹನ್ನೆರಡು ದಿನ ಮೊದಲು ಪ್ರಸಾರವಾದ, ಭಯದ ಅನಿಲವನ್ನು ಬಳಸುವ ಪ್ರಾಧ್ಯಾಪಕನ ಕಥೆಯಲ್ಲಿಯೂ ಇದೇ ಎಳೆ ಸಿಕ್ಕುತ್ತದೆ. ಆ ಅನಿಲ ತಾಗಿದವನಿಗೆ ತನ್ನ ಪರಮಭಯ ಕಾಣಿಸಿಕೊಳ್ಳಬೇಕು. ಬ್ಯಾಟ್‌ಮನ್ನನಿಗೆ ಕಂಡುದು ಸಾವಲ್ಲ. ನೀನು ನಮ್ಮ ಮನೆತನಕ್ಕೆ ಕಳಂಕ ತಂದೆ ಎಂದು ಮುಖ ತಿರುಗಿಸುವ ತಂದೆ. ವೀರನೊಬ್ಬನ ಭಯ ಇಂಥದೆಂದು ಹೇಳಿದುದರಿಂದ ಅವನು ಚಿಕ್ಕವನಾಗಲಿಲ್ಲ. ಪರೀಕ್ಷೆಯ ಅಂಕಪಟ್ಟಿ ಹಿಡಿದು ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತ ಪ್ರತಿಯೊಂದು ಮಗುವಿಗೂ ಅವನು ಒಮ್ಮೆಲೇ ಹತ್ತಿರದವನಾದ.

ಮಕ್ಕಳ ಪ್ರಸಾರಕ್ಕೆ ಅಲ್ಲಿ ಕಟ್ಟುಪಾಡುಗಳು ಬಹಳ. ರಕ್ತ ಕಾಣಿಸಬಾರದು, ಕತ್ತು ಹಿಸುಕಬಾರದು, ಯಾರನ್ನೂ ಕಿಟಕಿಯ ಗಾಜಿನ ಮೂಲಕ ಎಸೆಯಬಾರದು. ಸಾವನ್ನು ಕಣ್ಣಾರೆ ತೋರಿಸುವಂತಿಲ್ಲ. ಇವುಗಳಿಂದ ಕಲೆ ಕೆಡುತ್ತದೆಂದು ಕೂಗುವವರ ಗುಂಪಿಗೆ ನಾನು ಈ ಮಾಲೆಯನ್ನು ನೋಡಿದ ಮೇಲೆ ಸೇರಲಾರೆ. 1993ರ ಫೆಬ್ರುವರಿಯಲ್ಲಿ ಬಂದ ‘ರಾಬಿನ್ಸ್ ರೆಕನಿಂಗ್’ ಕಥೆಯಲ್ಲಿ ಸರ್ಕಸ್ಸಿನ ತೂಗುಯ್ಯಾಲೆಯ ದಂಪತಿಗಳು ಬಿದ್ದು ಸಾಯಬೇಕು. ಅವರ ಮಗನೇ ಮುಂದೆ ರಾಬಿನ್ ಆಗುವ ಹುಡುಗ. ಬೀಳುವುದನ್ನು ತೋರಿಸುವಂತಿಲ್ಲ. ತೋರಿಸಿದುದು ಇಷ್ಟೇ: ಉಯ್ಯಾಲೆ ಚಿತ್ರದಿಂದ ಆಚೆಗೆ ತೂಗಿಹೋಗುತ್ತದೆ, ಹಿಂದಕ್ಕೆ ಬರುವಾಗ ಹರಿದ ಹಗ್ಗದ ತುಂಡು ಮಾತ್ರ ಬರುತ್ತದೆ. ಕತ್ತರಿಗಾರನು ಕತ್ತರಿಸಿದ ಜಾಗದಲ್ಲಿ ನಮ್ಮ ಮನಸ್ಸು ಬಂದು ಕುಳಿತುಬಿಡುತ್ತದೆ. ಆ ಕಥೆಯ ಮೊದಲ ಭಾಗಕ್ಕೆ ಅದೇ ವರ್ಷ ಎಮ್ಮಿ ಪ್ರಶಸ್ತಿ ಬಂದಿತು, ಅದೂ ಸಂಜೆಯ ಮುಖ್ಯ ಪ್ರಸಾರಗಳ ಸಾಲಿನಲ್ಲಿ. ಹೊರಗಿನ ಪೆಟ್ಟನ್ನು ತೋರಿಸಲು ಬಿಡದಿದ್ದುದರಿಂದಲೇ ಈ ಬರೆಹಗಾರರು ಒಳಗಿನ ಪೆಟ್ಟಿನ ಕಡೆಗೆ ತಿರುಗಿರಬೇಕೆಂದು ನನ್ನ ಊಹೆ.

ಎಲ್ಲ ಕಂತುಗಳೂ ಹೀಗಿವೆಯೆಂದು ಹೇಳಿದರೆ ಸುಳ್ಳಾಗುತ್ತದೆ. ಅದೇ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ, ಎಚ್ಚರ ತಪ್ಪಿದ ಬ್ಯಾಟ್‌ಮನ್ನನನ್ನು ಒಬ್ಬ ಹುಡುಗ ತನ್ನ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಡುವ ಕಥೆ ಬಂದಿತು. ಮಕ್ಕಳಿಗೆ ಮಕ್ಕಳನ್ನೇ ತೋರಿಸಿದರೆ ಇಷ್ಟವಾಗುತ್ತದೆಂಬ ಲೆಕ್ಕಾಚಾರ ಅದರಲ್ಲಿ ಎದ್ದುಕಾಣುತ್ತದೆ. ನನ್ನ ಮೊಮ್ಮಗಳು ಅರ್ಧದಲ್ಲಿ ಎದ್ದುಹೋಗಿ ನೀರು ಕುಡಿದು ಬಂದಳು. ಹೆಂಡತಿಯನ್ನು ಕಳೆದುಕೊಂಡ ನಡುವಯಸ್ಸಿನ ವಿಜ್ಞಾನಿಯ ಕಥೆಯನ್ನು ಅಲುಗದೆ ನೋಡಿದವಳು ಅವಳೇ. ಮಕ್ಕಳಿಗೆಂದು ತಗ್ಗಿ ಮಾತನಾಡುವವರನ್ನು ಮಕ್ಕಳು ಬಲುಬೇಗ ಗುರುತಿಸುತ್ತಾರೆ.

ಖಳನಿಗೆ ಮರುಕ ತೋರಿಸಿದರೆ ಮಗು ಖಳನ ಪಕ್ಷ ಹಿಡಿಯುವುದಿಲ್ಲವೆ ಎಂದು ಹಿರಿಯ ಮಿತ್ರರೊಬ್ಬರು ನನ್ನನ್ನು ಕೇಳಿದರು. ಅವರು ನಲವತ್ತು ವರ್ಷ ಪಾಠ ಹೇಳಿದವರು. ಪ್ರಶ್ನೆ ಸುಮ್ಮನೆ ಕೇಳಿದುದಲ್ಲ. ಕೆಟ್ಟ ಕೆಲಸಕ್ಕೆಲ್ಲ ಒಂದು ದುಃಖದ ಕಾರಣವನ್ನು ಹುಡುಕಿಕೊಟ್ಟರೆ ಕೆಟ್ಟದ್ದು ಎಂಬ ಮಾತಿಗೇ ಬೆಲೆಯಿಲ್ಲದಂತಾಗುತ್ತದೆ ಎಂಬುದು ಅವರ ಆತಂಕ. ಈಚೆಗೆ ಬರುವ ಎಷ್ಟೋ ಕಥೆಗಳ ಮಟ್ಟಿಗೆ ಅದು ನಿಜ. ಖಳನಿಗೊಂದು ಅಳುವ ಬಾಲ್ಯವನ್ನು ಅಂಟಿಸುವುದು ಈಗ ಒಂದು ಕಸುಬಾಗಿದೆ. ಆದರೆ ನಾನು ಹೇಳಿದ ಕಂತುಗಳಲ್ಲಿ ಮರುಕಕ್ಕೂ ತೀರ್ಪಿಗೂ ಬೇರೆ ಬೇರೆ ಜಾಗಗಳಿವೆ. ಬ್ಯಾಟ್‌ಮನ್ ಫ್ರೀಜನ ಟೇಪನ್ನು ನೋಡಿದ ಮೇಲೂ ಫ್ರೀಜನನ್ನು ತಡೆಯುತ್ತಾನೆ. ಬಾಯ್ಲನಂಥವನ ಪ್ರಾಣವನ್ನೂ ಉಳಿಸುತ್ತಾನೆ. ಉಳಿಸಿದ ಮೇಲೆ ಬಾಯ್ಲನ ಗುಟ್ಟನ್ನು ಊರಿಗೆ ಹೇಳುತ್ತಾನೆ. ಮೂರು ಕೆಲಸಗಳಲ್ಲಿ ಒಂದನ್ನು ಇನ್ನೊಂದಕ್ಕಾಗಿ ಬಿಡುವುದಿಲ್ಲ. ನನ್ನ ಮಿತ್ರರು ಇದನ್ನು ಒಪ್ಪಿದರೆಂದು ಹೇಳಲಾರೆ. ಆ ಕಂತನ್ನು ನೋಡುತ್ತೇನೆಂದು ಮಾತ್ರ ಹೇಳಿದರು.

ಇನ್ನು ಆ ಪ್ರಶ್ನೆ. ‘ಹಾರ್ಟ್ ಆಫ್ಐಸ್’ ಮುಗಿದು, ಹೆಸರುಗಳು ತೆರೆಯ ಮೇಲೆ ಓಡುತ್ತಿರುವಾಗ ಅವಳು ಕೇಳಿದಳು:

“ತಾತ, ಆ ಹೆಂಡತಿ ಸತ್ತೇಹೋದಳೆ?”

ಸತ್ತಳೆಂದು ಗಂಡ ನಂಬಿದ್ದಾನೆ. ಸತ್ತುದನ್ನು ನಾವು ನೋಡಲಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಟೇಪಿನ ಭಾಗವನ್ನು ಮತ್ತೆ ಹಾಕಿಸಿದಳು. ಬಾಯ್ಲ್ ಬಂದ, ಆಜ್ಞೆ ಮಾಡಿದ, ಗಂಡ ಬೇಡಿದ, ಬಿದ್ದ. ಮೂರು ಸಲ ನೋಡಿದೆವು. ನೋರಾಳ ಮುಖ ಗಾಜಿನ ಹಿಂದೆ ಹಾಗೆಯೇ ಇತ್ತು.

“ಗೊತ್ತಾಗಲ್ಲ, ತಾತ” ಎಂದು ಹೇಳಿ ಎದ್ದು ಅಂಗಳಕ್ಕೆ ಹೋದಳು.

1998ರಲ್ಲಿ ಅದೇ ತಯಾರಕರು ಮಾಡಿದ ಒಂದು ಉದ್ದನೆಯ ಚಿತ್ರದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಆ ಚಿತ್ರವನ್ನು ನಾನು ಅವಳಿಗೆ ಇನ್ನೂ ತೋರಿಸಿಲ್ಲ.